ಅರವತ್ಮೂರನೆಯ ಪುಟದ ಬಳ್ಳಿ

ಜೂನ್ 14, 1998, ಭಾನುವಾರ

ಎಂಟು ವರ್ಷದಿಂದ ದಿನಚರಿ ಬರೆದಿರಲಿಲ್ಲ. ಇವತ್ತು ಬರೆಯದಿದ್ದರೆ ಯಾರದಾದರೂ ತಲೆ ಒಡೆದೇನು ಅನ್ನಿಸಿ, ಕಚೇರಿಯಲ್ಲಿ ಕೊಟ್ಟ ಡೈರಿ ತೆಗೆದು ಕೂತಿದ್ದೇನೆ.

ಇಂದಕ್ಕನ ಪುಸ್ತಕ ಬಿಡುಗಡೆಯಾಯಿತು. ಪುಣೆಯ ಸುತ್ತಲಿನ ಗುಡ್ಡಗಳ ಹೂಬಳ್ಳಿಗಳ ಪುಸ್ತಕ, ಮರಾಠಿಯಲ್ಲಿ, ನುಣುಪು ಕಾಗದ, ಪುಟಕ್ಕೊಂದು ಬಣ್ಣದ ಚಿತ್ರ. ನಮ್ಮ ನಿಸರ್ಗ ಮಂಡಳಿಯವರೆಲ್ಲ ಬಂದಿದ್ದರು. ನಾನು ಇಳಕಲ್ ಸೀರೆ ಉಟ್ಟು, ಅವ್ವನನ್ನು ರಿಕ್ಷಾದಲ್ಲಿ ಕೂರಿಸಿಕೊಂಡು ಯೆರವಡಾದಿಂದ ಹೋಗಿದ್ದೆ. ಧಾರವಾಡದ ಇಂದಕ್ಕ ಇಲ್ಲಿಯ ಕಾಲೇಜಿನಲ್ಲಿ ಮೂವತ್ತು ವರ್ಷ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು. ಟೆಲಿಫೋನ್ ಕಚೇರಿಯ ಗುಮಾಸ್ತೆಯಾದ ನನಗೆ ಹದಿನೈದು ವರ್ಷ ಗುಡ್ಡ ಹತ್ತಿಸಿ ಗಿಡಗಳ ಹೆಸರು ಕಲಿಸಿದವಳು. ಅಕ್ಕ ಅಂದದ್ದು ಬಾಯಿಮಾತಿಗಲ್ಲ.

ಪುಸ್ತಕದಲ್ಲಿ ಹನ್ನೊಂದು ಚಿತ್ರ ನನ್ನವು. ಒಂದೊಂದಕ್ಕೂ ಎಷ್ಟು ಹೊತ್ತು ಕೆಸರಿನಲ್ಲಿ ಕೂತಿದ್ದೆ ಎಂದು ನನ್ನ ಮಂಡಿಗೆ ಗೊತ್ತು. ಮೊದಲ ಪುಟದಲ್ಲಿ ‘ಬರಹ ಮತ್ತು ಛಾಯಾಚಿತ್ರ’ ಎಂದು ಬರೆದು ಕೆಳಗೆ ಒಂದೇ ಹೆಸರು. ನನ್ನದಲ್ಲ. ಕೊನೆಯ ಪುಟದ ಉಪಕಾರ ಸ್ಮರಣೆಯಲ್ಲಿ ಜೀಪು ಓಡಿಸಿದವನ ಹೆಸರಿದೆ, ಅವನಿಗೆ ಒಳ್ಳೆಯದಾಗಲಿ. ಆಮೇಲೆ ‘ಮತ್ತು ಇತರ ಸದಸ್ಯರು’. ನಾನು ಇತರ ಸದಸ್ಯರು.

ಇಂದಕ್ಕನನ್ನು ಕೇಳಿಯೇ ಬಿಟ್ಟೆ. ಪೇಢೆ ತಿನ್ನುತ್ತ ಹೇಳಿದಳು: “ಪ್ರೆಸ್ಸಿನವ್ರು ಜಾಗಾ ಇಲ್ಲ ಅಂದ್ರು, ಉಮಾ. ಅಲ್ಲದ ನಾವಿಬ್ರು ಬ್ಯಾರೆ ಬ್ಯಾರೆ ಏನು?”

ಕೈ ಕೆಸರಾದದ್ದು ನನ್ನದು, ಬಾಯಿ ಮೊಸರಾದದ್ದು ಆಕೆಯದು. ಬೇರೆ ಅಲ್ಲವಂತೆ!

ಅವ್ವನಿಗೆ ಮಾತ್ರ ಹಬ್ಬ. ಬರುವಾಗ ರಿಕ್ಷಾದಲ್ಲಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು, “ಇದರಾಗ ನಾ ಬೊಟ್ಟು ಇಟ್ಟ ಚಿತ್ರ ಯಾವು, ತೋರಸು” ಅಂದಳು. ನಾವು ಸ್ಲೈಡುಗಳನ್ನು ಮನೆಯಲ್ಲೇ ಕಟ್ಟುತ್ತೇವೆ. ನಾನು ಫಿಲ್ಮು ಕತ್ತರಿಸಿ ರಟ್ಟಿನ ಚೌಕಟ್ಟಿಗೆ ಹಾಕಿ ಕೊಡುತ್ತೇನೆ, ಅವ್ವ ಬೆಳಕಿಗೆ ಹಿಡಿದು ನೋಡಿ, ಬೆಂಕಿಕಡ್ಡಿಯನ್ನು ಕೆಂಪು ಮಸಿಯಲ್ಲಿ ಅದ್ದಿ ಕೆಳಗಿನ ಎಡ ಮೂಲೆಗೆ ಒಂದು ಚುಕ್ಕೆ ಇಡುತ್ತಾಳೆ. ಚಿತ್ರದ ಸರಿಯಾದ ಮೈ ಯಾವುದು ಎಂದು ಪ್ರೆಸ್ಸಿನವರಿಗೂ ಪ್ರೊಜೆಕ್ಟರಿಗೂ ಆ ಚುಕ್ಕೆಯೇ ಗುರುತು. ನಮ್ಮವ್ವ ಗೌರಾಬಾಯಿಯ ಬಾಯಲ್ಲಿ ಅದು ಬೊಟ್ಟು. ಹನ್ನೊಂದೂ ತೋರಿಸಿದೆ.

ಇನ್ನು ಮೇಲೆ ಈ ಡೈರಿಯಲ್ಲಿ ಇಂದಕ್ಕನ ಹೆಸರು ಬರೆಯುವುದಿಲ್ಲ. ‘ಆಕೆ’ ಅಂದರೆ ಸಾಕು.

ಜೂನ್ 16

ಮಾಡಬಹುದಾದದ್ದು: ಮಂಡಳಿಗೆ ರಾಜೀನಾಮೆ. ಪತ್ರಿಕೆಗೆ ಪತ್ರ. ಆಕೆಯ ಮನೆಯ ಮುಂದೆ ನಿಂತು ಹತ್ತು ಜನ ಕೇಳುವಂತೆ ಬೈಯುವುದು. ಮೂರೂ ಸಪ್ಪೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ನನಗೆ ಹಾವೂ ಸಾಯಬೇಕು, ಕೋಲು ಮುರಿದರೂ ಚಿಂತೆಯಿಲ್ಲ.

ಜೂನ್ 21, ಭಾನುವಾರ

ಸಿಕ್ಕಿತು! ಪುಟ ಅರವತ್ಮೂರು.

ಕಾರಂದಾ ಬಳ್ಳಿ, ಅಂದರೆ ಮಳೆಗಾಲದಲ್ಲಿ ಪೊದೆಗಳಿಗೆ ಹಬ್ಬುವ ಕಾಡುಗೆಣಸು. ಚಿತ್ರ ನನ್ನದೇ, ಹೋದ ವರ್ಷದ್ದು. ಎಡಗಡೆಯ ಪುಟದಲ್ಲಿ ಆಕೆಯ ಬರಹ: ‘ಈ ಬಳ್ಳಿ ಯಾವಾಗಲೂ ಎಡಕ್ಕೆ ಸುತ್ತುತ್ತದೆ, ಇದನ್ನು ಗುರುತಿಸುವ ಮುಖ್ಯ ಲಕ್ಷಣ ಇದೇ.’ ಬಲಗಡೆಯ ಪುಟದ ಚಿತ್ರದಲ್ಲಿ ಬಳ್ಳಿ ಬಲಕ್ಕೆ ಸುತ್ತಿಕೊಂಡು ಹೋಗಿದೆ! ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿ ಅಚ್ಚಾಗಿದೆ.

ಹದಿನೈದು ವರ್ಷ ಪ್ರತಿ ಗುಡ್ಡದಲ್ಲೂ ನಮಗೆ ಆಕೆ ಮಾಡಿದ ಪಾಠ ಇದು: “ಕಾರಂದಾನ ಮುಂದಿನಿಂದ ನೋಡು, ಹಿಂದಿನಿಂದ ನೋಡು, ಎಡಕ್ಕs ಸುತ್ತತದ. ಮನಷ್ಯಾ ತಿರುಗತಾನ, ಬಳ್ಳಿ ತಿರುಗಂಗಿಲ್ಲ.” ಅಂಥ ಪಂಡಿತೆ ಸ್ವಂತ ಪುಸ್ತಕದಲ್ಲಿ ತಲೆಕೆಟ್ಟ ಬಳ್ಳಿ ಅಚ್ಚು ಹಾಕಿಸಿದ್ದಾಳೆ. ತಾನೇ ತೆಗೆದ ಚಿತ್ರವಾಗಿದ್ದರೆ ಹೀಗಾಗುತ್ತಿತ್ತೇ?

ಸೆಪ್ಟೆಂಬರಿನಲ್ಲಿ ಮಂಡಳಿಯ ಸಭೆಯಲ್ಲಿ ಈ ಪುಸ್ತಕದ್ದೇ ಸ್ಲೈಡ್ ಷೋ. ಕಾಲೇಜುಗಳ ಪಂಡಿತರೆಲ್ಲ ಬರುತ್ತಾರೆ. ಪ್ರೊಜೆಕ್ಟರ್ ನಡೆಸುವವಳು ಎಂದಿನಂತೆ ನಾನು. ಯಂತ್ರವೂ ನಮ್ಮ ಮನೆಯಲ್ಲೇ ಇರುತ್ತದೆ. ಅರವತ್ಮೂರರ ಸ್ಲೈಡು ಬಿದ್ದ ಮರುಕ್ಷಣ ನಾನು ತೆಗೆದ ಹೊಸ ಸ್ಲೈಡು ಬೀಳಬೇಕು: ಎಡಕ್ಕೆ ಸುತ್ತಿದ ಕಾಂಡ, ಅದರ ಮೇಲೆ ಎಳ್ಳಿನಷ್ಟಿರುವ ಹೂವು, ಗೋಡೆಯ ತುಂಬ. ಚಿತ್ರದ ಹಿಂದಿನ ಕಣ್ಣು ಯಾರದು ಎಂದು ಆಮೇಲೆ ಯಾರೂ ಕೇಳಬೇಕಾಗಿಲ್ಲ.

ಆದರೆ ಆ ಹೂವು ನನ್ನ ಹಳೆಯ ಲೆನ್ಸಿಗೆ ದಕ್ಕುವುದಲ್ಲ. ಅದರ ಮುಂದೆ ತಿರುಗಿಸಿ ಕೂರಿಸುವ ಭೂತಗನ್ನಡಿ ಹಾಕಿದರೆ ನಡುವೆ ಹೂವು, ಅಂಚೆಲ್ಲ ಗಂಜಿಯಂತೆ ಮಸುಕು. ಸಣ್ಣದನ್ನು ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸೇ ಬೇಕು.

ಜೂನ್ 27, ಶನಿವಾರ

ಊರೊಳಗಿನ ಬುಧವಾರ ಪೇಠೆಯಲ್ಲಿರುವ ಅವಧೂತನ ಅಂಗಡಿಗೆ ಹೋಗಿದ್ದೆ. ಜತ್ತದ ಕಡೆಯವನು, ಮನೆಮಾತು ಕನ್ನಡ. ಕ್ಯಾಮೆರಾ ರಿಪೇರಿ ಮಾಡುತ್ತಾನೆ, ಹಳೆಯ ಲೆನ್ಸು ಮಾರುತ್ತಾನೆ. ಹಣದ ಗಲ್ಲೆಯ ಮೇಲೆ ಜೇಜುರಿ ಖಂಡೋಬನ ಪಟ, ಅದರ ಮುಂದೆ ಭಂಡಾರದ ಬಟ್ಟಲು. ಅವನ ಕೈಯಿಂದ ಬಂದ ಪ್ರತಿ ಲೆನ್ಸಿನ ಮುಚ್ಚಳಕ್ಕೂ ಆ ಅರಿಸಿನ ಒಂದಿಷ್ಟು ಹತ್ತಿರುತ್ತದೆ.

“ಅಕ್ಕಾರ, ಮ್ಯಾಕ್ರೋ ಅಂದ್ರ ಮೂರು ಜಾತಿ,” ಎಂದು ಮೂರನ್ನೂ ಬಟ್ಟೆಯ ಮೇಲಿಟ್ಟ. “ಐವತ್ತೈದು ಎಂ.ಎಂ. ಅಂದ್ರ ನಾಕು ಬೆರಳು. ನೂರಾ ಐದು ಅಂದ್ರ ಗೇಣು. ಇನ್ನೂರು ಅಂದ್ರ ಮೊಳ. ಹೂವಿನಿಂದ ಅಷ್ಟು ದೂರ ನಿಂದ್ರಬೇಕು. ಎಷ್ಟು ದೂರ ನಿಂತು ನೋಡಾವ್ರು ಅಂತ ನೀವು ಮೊದಲ ನಿಕ್ಕಿ ಮಾಡ್ರಿ, ಆಮ್ಯಾಲ ಲೆನ್ಸು.”

“ಎಲ್ಲಕ್ಕಿಂತ ದೊಡ್ಡದಾಗಿ ಕಾಣಬೇಕು. ಒಬ್ಬರ ಮಾರಿ ಕಪ್ಪಿಡಬೇಕು,” ಅಂದೆ.

“ಮಾರಿ ಕಪ್ಪಿಡೂ ಲೆನ್ಸು ನಾ ಇಟ್ಟಿಲ್ಲರೀ,” ಅಂದ. “ಒಂದು ರೋಲು ಹಾಕಿ ಮೂರೂ ಒಯ್ರಿ. ಮನ್ಯಾಗ ತಗದು ನೋಡ್ರಿ.”

ಜುಲೈ 5, ಭಾನುವಾರ

ಬಾಲ್ಕನಿಯ ತುಳಸಿಯ ತೆನೆಯ ಮೇಲೆ ಮೂರೂ ಲೆನ್ಸುಗಳ ಪರೀಕ್ಷೆ ಮಾಡಿದೆ. ಐವತ್ತೈದು ಹಗುರ, ಕೈಗೆ ಒಗ್ಗುತ್ತದೆ. ಆದರೆ ಹೂವು ಪೂರ್ತಿ ತುಂಬುವಷ್ಟು ಹತ್ತಿರ ಹೋದರೆ ಲೆನ್ಸಿನ ನೆರಳೇ ಹೂವಿನ ಮೇಲೆ ಬೀಳುತ್ತದೆ. ಇನ್ನೂರು ಎಂ.ಎಂ. ಒಳ್ಳುಕಲ್ಲಿನಷ್ಟು ಭಾರ. ನಾನು ಉಸಿರಾಡಿದರೆ ಸಾಕು, ತುಳಸಿ ಚೌಕಟ್ಟಿನಿಂದ ಆಚೆ ಹೋಗುತ್ತದೆ. ನೂರಾ ಐದು ನಡುವಿನದು. ಫೋಕಸು ತಿರುಗಿಸಬಾರದು, ಮೊದಲು ದೂರದ ಅಳತೆ ಗೊತ್ತುಮಾಡಿ ಇಟ್ಟು ಆಮೇಲೆ ಮೈಯನ್ನೇ ಹಿಂದೆ ಮುಂದೆ ತೂಗಬೇಕು, ಅವಧೂತ ಹೇಳಿಕೊಟ್ಟಿದ್ದಾನೆ.

“ದೇವರ ಗಿಡಕ್ಕ ಬಂದೂಕ ಹಿಡಿದಂಗ ಹಿಡೀಬ್ಯಾಡ,” ಅಂದಳು ಅವ್ವ.

ಜುಲೈ 16

ಸ್ಲೈಡು ತೊಳೆದು ಬಂದವು. ನೂರಾ ಐದೇ ಸರಿ. ಅವಧೂತ ಅದಕ್ಕೊಂದು ಟೊಳ್ಳು ಕೊಳವೆ ಸೇರಿಸಿ ಕೊಟ್ಟ. ಅದನ್ನು ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಹಾಕಿದರೆ ಹೂವು ಇದ್ದಷ್ಟೇ ಅಳತೆಯಲ್ಲಿ ಫಿಲ್ಮಿನ ಮೇಲೆ ಬೀಳುತ್ತದೆ, ಒಂದಕ್ಕೆ ಒಂದು. ಎಳ್ಳು ಎಳ್ಳಿನಷ್ಟೇ. ಗೋಡೆಗೆ ಬಿಟ್ಟಾಗ ಅದೇ ಎಳ್ಳು ಪರಾತದಷ್ಟು ಅಗಲ. ಬದಲಿಗೆ ನನ್ನ ಹಕ್ಕಿ ತೆಗೆಯುವ ಉದ್ದದ ಲೆನ್ಸು ಕೊಟ್ಟುಬಿಟ್ಟೆ. ಆಕೆಯ ಮಾತು ಕೇಳಿ ಕೊಂಡದ್ದು ಅದು. ಪೀಡೆ ತೊಲಗಿತು.

ತುಳಸಿಯ ಹೂವಿಗೆ ತುಟಿ ಇದೆ. ಹೊರಗೆ ಚಾಚಿದ ಕೇಸರಗಳೂ ಇವೆ. ದಿನಾ ನೀರು ಹಾಕುತ್ತ ಬಂದಿದ್ದೇನೆ, ನೋಡಿರಲಿಲ್ಲ.

ಜುಲೈ 26, ಭಾನುವಾರ

ಸಿಂಹಗಡದ ಬುಡ. ಒಬ್ಬಳೇ ಹೋಗಿದ್ದೆ. ಕಾರಂದಾ ಸಿಕ್ಕಿತು, ಪೊದೆಯ ಮೇಲೆ ಎರಡಾಳೆತ್ತರ ಹೋಗಿದೆ, ಎಡಕ್ಕೇ. ಹೂವಿಲ್ಲ. ಗಾಳಿ. ಮೂರು ತಾಸು ಕೂತು ಆರು ಚಿತ್ರ, ಆರೂ ಅಲುಗಿರಬೇಕು. ಇಡೀ ಹೊತ್ತು ಮನಸ್ಸಿನಲ್ಲಿ ಆಕೆಗೆ ಸಭೆಯ ಮಾತು ಹೇಳುತ್ತಿದ್ದೆ: “ಅಕ್ಕಾರ, ಬಳ್ಳಿ ತಿರುಗಂಗಿಲ್ಲ ಅಂತಿದ್ರಲ್ಲ, ಇದ್ಯಾಕ ತಿರುಗ್ಯದ?” ಒಮ್ಮೆ ಬಾಯಿಬಿಟ್ಟೇ ಅಂದೆ. ಎಮ್ಮೆ ಕಾಯುವ ಮುದುಕ ತಿರುಗಿ ನೋಡಿದ.

ಆಗಸ್ಟ್ 9

ಮತ್ತೆ ಗಾಳಿ. ಹಲ್ಲು ಕಡಿದುಕೊಂಡು ವಾಪಸು ಬಂದೆ.

ಆಗಸ್ಟ್ 30, ಭಾನುವಾರ

ಹೂ ಬಿಟ್ಟಿದೆ! ಮಣಿಸರದ ಹಾಗೆ ಗೊಂಚಲು ಜೋತುಬಿದ್ದಿದೆ. ಒಂದೊಂದು ಹೂವಿಗೆ ಆರು ಎಸಳು, ನಸು ಹಸಿರು, ಅಂಚಿಗೆ ನೇರಳೆಯ ಛಾಯೆ. ದೂರದಿಂದ ಧೂಳು ಹತ್ತಿದ ದಾರ ಅನ್ನಿಸುತ್ತದೆ, ಯಾರೂ ಎರಡನೆಯ ಸಲ ತಿರುಗಿ ನೋಡುವುದಿಲ್ಲ. ಗೇಣು ದೂರದಿಂದ ನೋಡಿದರೆ ಪ್ರತಿ ಹೂವಿನಲ್ಲೂ ಆರು ಕೇಸರಗಳು, ಅಚ್ಚುಕಟ್ಟಾಗಿ. ಒಂದರ ಮೇಲೆ ಸಾಸಿವೆಗಿಂತ ಸಣ್ಣ ಹುಳ ಓಡಾಡುತ್ತಿತ್ತು. ಅದು ಎಲ್ಲಿಗೆ ಹೋಗುತ್ತದೋ ನೋಡುತ್ತ ಚಿತ್ರ ತೆಗೆಯುವುದನ್ನೇ ಮರೆತೆ.

ಗಾಳಿ ಇತ್ತು. ಆದರೆ ಗಾಳಿ ಒಂದೇ ಸಮನೆ ಬೀಸುವುದಿಲ್ಲ, ನಡುನಡುವೆ ಉಸಿರು ತೆಗೆದುಕೊಳ್ಳುತ್ತದೆ. ‘ಗಾಳಿ ಕೂಡ ಜಗಳಾ ಹಚ್ಚಬ್ಯಾಡ, ಅದು ದಣಿಯೂ ತನಕಾ ಕೂಡು’ ಎಂದು ಇಂದಕ್ಕ ಹೇಳುತ್ತಿದ್ದಳು, ಸರಿಯೇ. ಹೊಟ್ಟೆಯ ಮೇಲೆ ಮಲಗಿ, ಕೊಡೆಯನ್ನು ಆಸರೆಗಿಟ್ಟು ಕಾಯ್ದೆ. ಹನ್ನೆರಡು ಸಲ ಒತ್ತಿದೆ. ಒಂದಾದರೂ ಬಂದಿರುತ್ತದೆ. ಸೀರೆಗೆ ಹತ್ತಿದ ಕೆಂಪು ಮಣ್ಣು ಹೋಗುವುದಿಲ್ಲವಂತೆ, ಅವ್ವ ಬೈಯುತ್ತಿದ್ದಾಳೆ. ಮುಂದಿನ ವಾರ ಕಾಯಿ ಕಟ್ಟಿರುತ್ತದೆಯೇ ನೋಡಬೇಕು.

ಸೆಪ್ಟೆಂಬರ್ 8

ಆಕೆಯ ಫೋನು. ಇಪ್ಪತ್ತೇಳಕ್ಕೆ ಷೋ. “ಉಮಾ, ಪ್ರೊಜೆಕ್ಟರು ನೀನs ನಡಸತಿ ಹೌದಲ್ಲ? ಮೂರು ತಿಂಗಳಾತು, ಯಾಕ ಬಂದಿಲ್ಲ ನಮ್ಮ ಕಡೆ?”

“ಕೆಲಸಿತ್ರಿ,” ಅಂದೆ. ಜೇನಿನಂಥ ದನಿಯಲ್ಲಿ ಅಂದೆ. ಬಾ, ತಾಯಿ, ಬಾ.

ಸೆಪ್ಟೆಂಬರ್ 13, ಭಾನುವಾರ

ರೋಲು ಬಂದಿತ್ತು. ಬೆಳಿಗ್ಗೆ ಕಟ್ಟಿದೆ, ಅವ್ವ ಬೊಟ್ಟು ಇಟ್ಟಳು. ಮಧ್ಯಾಹ್ನ ಕಿಟಕಿಯ ಪರದೆ ಎಳೆದು ಗೋಡೆಗೆ ಬಿಟ್ಟೆ. ಎಂಟನೆಯದು ಬಂದಾಗ ಎದ್ದು ಗೋಡೆಯ ಹತ್ತಿರ ಹೋದೆ. ಹೂವಿನ ಆರು ಕೇಸರಗಳನ್ನೂ ಎಣಿಸಬಹುದು. ನನ್ನ ಜೀವಮಾನದಲ್ಲಿ ಇಂಥದ್ದು ತೆಗೆದಿಲ್ಲ.

ಬಳ್ಳಿ ಬಲಕ್ಕೆ ಸುತ್ತಿತ್ತು.

ಎರಡು ನಿಮಿಷ ಕಾರಂದಾದ ಮೇಲೇ ಸಿಟ್ಟು ಬಂತು. ಆಮೇಲೆ ಸ್ಲೈಡು ತೆಗೆದು ನೋಡಿದೆ: ಚುಕ್ಕೆ ಇರಬೇಕಾದ ಮೂಲೆಯಲ್ಲೇ ಇದೆ. ಆದರೆ ಇರಬೇಕಾದ ಮೈಯಲ್ಲಿಲ್ಲ.

“ಅವ್ವಾ, ಬೊಟ್ಟು ಯಾವ ಕಡೆಯಿಂದ ನೋಡಿ ಇಟ್ಟಿ?”

“ನನ್ನ ಕಡೆಯಿಂದ. ಮತ್ಯಾರ ಕಡೆಯಿಂದ ನೋಡ್ಲಿ?”

ಮೊದಲು ನಾವಿಬ್ಬರೂ ಮೇಜಿನ ಒಂದೇ ಬದಿಗೆ, ಕಿಟಕಿಗೆ ಮುಖ ಮಾಡಿ ಕೂಡುತ್ತಿದ್ದೆವು. ಹೋದ ವರ್ಷ ಗೋದ್ರೇಜ್ ಕಪಾಟು ಬಂದ ಮೇಲೆ ಜಾಗ ಸಾಲದೆ ಅವ್ವನ ಕುರ್ಚಿ ಎದುರಿಗೆ ಹೋಯಿತು. ನಾನು ಸರಿಯಾದ ಮೈ ನನ್ನ ಕಡೆ ಮಾಡಿ ಎತ್ತಿ ಕೊಡುತ್ತೇನೆ; ಅವಳು ಎದುರಿನಿಂದ ಹಾಗೇ ಹಿಡಿದು ತನ್ನ ಎಡಕ್ಕೆ ಚುಕ್ಕೆ ಇಡುತ್ತಾಳೆ. ಬಳ್ಳಿ ಯಾವ ಕಡೆಯಿಂದ ನೋಡಿದರೂ ಎಡಕ್ಕೇ ಸುತ್ತುತ್ತದೆ, ಸ್ಲೈಡು ಹಾಗಲ್ಲ. ಹೋದ ವರ್ಷದಿಂದ ಕಟ್ಟಿದ್ದೆಲ್ಲ ತಿರುವುಮುರುವು. ಪುಸ್ತಕದ ಹನ್ನೊಂದೂ ಆಮೇಲೆ ಕಟ್ಟಿದವೇ! ಉಳಿದ ಹತ್ತು ಬಿಡಿ ಹೂಗಳು, ಹೂವಿಗೆ ಎಡ ಬಲ ಯಾರು ಕೇಳುತ್ತಾರೆ? ಹಾಗಾಗಿ ಒಂದು ಬಳ್ಳಿ ಮಾತ್ರ ಚಾಡಿ ಹೇಳಿದೆ.

ತಪ್ಪು ಆಕೆಯ ಮನೆಯದಲ್ಲ. ನಮ್ಮ ಮನೆಯದು.

“ಇಂದೂನ ಪುಸ್ತಕ ಕೆಟ್ಟಿತೇನು?” ಎಂದು ಅವ್ವ ಕೇಳಿದಳು. ಇಲ್ಲ ಅಂದೆ. ಅವಳು ನಂಬಲಿಲ್ಲ. ಮಸಿಯ ಬಾಟಲಿಗೆ ಬಿರಡೆ ಹಾಕಿ ಎದ್ದು ಹೋದಳು.

ಸೆಪ್ಟೆಂಬರ್ 15

ಆದರೇನು? ನೋಡಬೇಕಾದವಳು ಪಂಡಿತೆ. ಅಚ್ಚಿಗೆ ಮುಂಚೆ ಕರಡು ಅವಳ ಕೈಗೆ ಬಂದಿರುತ್ತದೆ. ಅವ್ವನ ಬೊಟ್ಟಿನ ಸಂಗತಿ ಸಭೆಯಲ್ಲಿ ಯಾರಿಗೂ ಗೊತ್ತಿಲ್ಲ. ಹೊಸ ಸ್ಲೈಡಿನ ಚುಕ್ಕೆ ಕೆರೆದು ನಾನೇ ಸರಿಯಾಗಿ ಇಟ್ಟಿದ್ದೇನೆ. ಹಿಂದೆ ಸರಿಯುವುದಿಲ್ಲ.

ಸೆಪ್ಟೆಂಬರ್ 26

ಟ್ರೇ ತುಂಬಿದೆ. ಮೂವತ್ತೊಂದನೆಯದು ಪುಸ್ತಕದ ಕಾರಂದಾ, ಇದ್ದ ಚುಕ್ಕೆಯಂತೆಯೇ. ಮೂವತ್ತೆರಡನೆಯದು ನನ್ನದು. ಅವ್ವ ಮನೆಯಲ್ಲಿರಲಿ ಎಂದು ನೋಡಿದೆ. “ನನ್ನ ಬೊಟ್ಟು ನಾ ನೋಡಬ್ಯಾಡೇನು?” ಅಂತಾಳೆ.

ಸೆಪ್ಟೆಂಬರ್ 27, ಭಾನುವಾರ

ಸಂಜೆ ಆರಕ್ಕೆ ಸಭೆ ತುಂಬಿತ್ತು. ಮುಂದಿನ ಸಾಲಿನಲ್ಲಿ ಕಾಲೇಜುಗಳ ಪಂಡಿತರು, ಎರಡನೆಯ ಸಾಲಿನಲ್ಲಿ ಅವ್ವ, ಅವಳ ಪಕ್ಕ ಅವಧೂತ. ತನ್ನ ಲೆನ್ಸಿನ ಚಿತ್ರ ನೋಡಲು ಬಂದಿದ್ದ. ಇಂದಕ್ಕ ಉದ್ದ ಕೋಲು ಹಿಡಿದು ಮರಾಠಿಯಲ್ಲಿ ವಿವರಿಸುತ್ತಿದ್ದಳು. ನಾನು ಹಿಂದೆ ನಿಂತು ಗುಂಡಿ ಒತ್ತುತ್ತಿದ್ದೆ.

ಮೂವತ್ತೊಂದು. ಕಾರಂದಾ ಬಲಕ್ಕೆ ಸುತ್ತಿ ನಿಂತಿತು. ಅವಳು ಬಾಯಿ ತೆರೆಯುವ ಮುಂಚೆ ಮೂವತ್ತೆರಡು ಒತ್ತಿದೆ.

ಗೋಡೆಯ ತುಂಬ ಹೂವು. ಸಭೆ ‘ಆಹಾ’ ಅಂದಿತು. ಮುಂದಿನ ಸಾಲಿನ ಪಂಡಿತರೊಬ್ಬರು, “ಇದು ಎಡಕ್ಕೆ ಸುತ್ತಿದೆ, ಹಿಂದಿನದು ಬಲಕ್ಕೆ ಇತ್ತಲ್ಲ?” ಎಂದು ಎದ್ದು ನಿಂತರು. ನಾನು ಕಾದದ್ದು ಇದಕ್ಕೇ.

ಇಂದಕ್ಕ ಹೂವನ್ನು ನೋಡಿದಳು, ಬಹಳ ಹೊತ್ತು. ಆಮೇಲೆ ತಿರುಗಿ ಕತ್ತಲಲ್ಲಿ ನಾನಿದ್ದ ಕಡೆ ನೋಡಿದಳು. ಆಮೇಲೆ ಅವ್ವನ ಕಡೆ. ಆಗ ನನಗೆ ಗೊತ್ತಾಯಿತು, ಅವಳಿಗೆ ಎಲ್ಲ ಗೊತ್ತಿದೆ. ಹೋದ ವರ್ಷ ಎಷ್ಟು ಸಲ ನಮ್ಮ ಮನೆಯಲ್ಲಿ ಚಕ್ಕುಲಿ ತಿನ್ನುತ್ತ ಅವ್ವನ ಪಕ್ಕ ಕೂತು ಬೊಟ್ಟು ಇಡುವುದನ್ನು ನೋಡಿಲ್ಲ!

“ಪುಸ್ತಕದ ಚಿತ್ರ ತಿರುವುಮುರುವಾಗಿದೆ,” ಎಂದಳು ಮರಾಠಿಯಲ್ಲಿ. “ಅಚ್ಚಾದ ಮೇಲೆ ನೋಡಿದೆ. ಚೂಕ ಮಾಝೀ. ಬೇರೆ ಯಾರದೂ ಅಲ್ಲ.”

ತಪ್ಪು ನನ್ನದು ಅಂದಳು. ಅವ್ವನ ಮರ್ಯಾದೆ ಉಳಿಸಿದಳು ಎಂದು ಈಗ ಬರೆಯಬಹುದು. ಅಲ್ಲಿ ನಿಂತಾಗ ಮಾತ್ರ ಮೈಯೆಲ್ಲ ಉರಿಯಿತು. ಚಿತ್ರ ತೆಗೆದುಕೊಂಡಳು, ಈಗ ಅದರ ತಪ್ಪನ್ನೂ ನನಗೆ ಬಿಡಲಿಲ್ಲ. ಆ ಚಿತ್ರ ನನ್ನದು ಎನ್ನಬೇಕಾದರೆ ಬೊಟ್ಟು ನಮ್ಮವ್ವನದು ಎನ್ನಬೇಕು. ಅಷ್ಟು ಜನರ ಮುಂದೆ ಅವ್ವನ ಹೆಸರು ಹೇಳುವ ಬಾಯಿ ನನಗಿರಲಿಲ್ಲ.

ಅವ್ವ ಎದ್ದು ನಿಂತಳು. ನಲವತ್ತು ವರ್ಷ ಯೆರವಡಾದ ಕಾಯಿಪಲ್ಲೆ ಬಜಾರಿನಲ್ಲಿ ಚೌಕಾಶಿ ಮಾಡಿದವಳಿಗೆ ‘ಚೂಕ’ ಅಂದರೆ ಗೊತ್ತಾಗದೇ ಇರುತ್ತದೆಯೇ?

“ಏ ಇಂದೂ, ಸುಳ್ಳ ಯಾಕ ಹೇಳ್ತಿ? ಆ ಬೊಟ್ಟು ತಪ್ಪಿಟ್ಟಾಕಿ ನಾ. ನಿನಗ ಗೊತ್ತದ.”

ಸಭೆಗೆ ಅರ್ಥವಾಗಲಿಲ್ಲ. ಅವಧೂತ, ಯಾರೂ ಕೇಳದಿದ್ದರೂ, ಎದ್ದು ನಿಂತು ಮರಾಠಿಯಲ್ಲಿ ಹೇಳತೊಡಗಿದ. ಅವ್ವ ಒಂದು ಮಾತಾಡುವುದು, ಅವನು ಒಂದು ಮಾತು ಹೇಳುವುದು.

“ಚಿತ್ರ ತಗದಾಕಿ ನನ್ನ ಮಗಳು. ಗುಡ್ಡದಾಗ ಹೊಟ್ಟಿ ಮ್ಯಾಲ ಮಲಕ್ಕೊಂಡು ತಗದಾಳ. ಈ ಪುಸ್ತಕದಾಗ ಹನ್ನೊಂದು ಆಕೀವು. ಹನ್ನೊಂದಕ್ಕೂ ನಾನs ಬೊಟ್ಟು ಇಟ್ಟೀನಿ, ನನಗ ಗೊತ್ತಿಲ್ಲೇನು? ತಪ್ಪು ನಂದು, ಚಿತ್ರ ಆಕೀದು. ಎರಡೂ ಬರಕೋ.”

ಅವಧೂತ ‘ಎರಡೂ ಬರಕೋ’ ಎಂಬುದನ್ನೂ ಹೇಳಿದ. ಯಾರೋ ನಕ್ಕರು.

ಪ್ರೊಜೆಕ್ಟರಿನ ಬೆಳಕಿನಲ್ಲಿ ಇಂದಕ್ಕನ ಮುಖದ ಮೇಲೆ ಕಾರಂದಾದ ಎರಡು ಎಸಳು ಬಿದ್ದಿದ್ದವು. ಕೋಲು ಕೆಳಗಿಟ್ಟಳು. “ಹೌದ್ರಿ, ಗೌರಾಬಾಯಿ,” ಅಂದಳು ಕನ್ನಡದಲ್ಲಿ. ಆಮೇಲೆ ಮರಾಠಿಯಲ್ಲಿ, ಪಂಡಿತರ ಕಡೆ ತಿರುಗಿ, ಈ ಪುಸ್ತಕದ ಹನ್ನೊಂದು ಚಿತ್ರ ಉಮಾವತಿಯವು, ಹೆಸರು ಹಾಕುವ ಮನಸ್ಸು ತನಗೆ ಆಗಲಿಲ್ಲ, ಜಾಗವಿಲ್ಲ ಅಂದದ್ದು ಸುಳ್ಳು ಎಂದಳು. ಪೂರ್ತಿ ಹೆಸರು ಹೇಳಿದಳು.

ಸಿಹಿಯಾಗಿತ್ತು. ಸುಳ್ಳು ಹೇಳುವುದಿಲ್ಲ. ಮೂರು ತಿಂಗಳು ಕಾದದ್ದಕ್ಕೆ ತಕ್ಕಷ್ಟು ಸಿಹಿಯಾಗಿತ್ತು. ಆಮೇಲೆ ಅವ್ವ ಕೂತುಕೊಳ್ಳಲು ಕುರ್ಚಿಯ ಬೆನ್ನು ಹುಡುಕಿದಳು, ಎರಡು ಸಲ ಕೈಗೆ ಸಿಗಲಿಲ್ಲ. ಎಪ್ಪತ್ನಾಲ್ಕು ವರ್ಷಕ್ಕೆ ಮೊದಲ ಸಲ ಸಭೆಯಲ್ಲಿ ಮಾತಾಡಿದ್ದಾಳೆ, ತನ್ನ ತಪ್ಪು ಹೇಳಲು. ಮೂವತ್ಮೂರನೆಯ ಸ್ಲೈಡು ಒತ್ತಲು ನನಗೆ ನೆನಪಾಗಲಿಲ್ಲ.

ಕೊನೆಗೆ ನಾನು ವೈರು ಸುತ್ತುತ್ತಿದ್ದಾಗ ಇಂದಕ್ಕ ಬಂದು ನಿಂತಳು.

“ಯಾವ ಲೆನ್ಸು?”

“ನೂರಾ ಐದು.”

“ಗಾಳಿ ಇರಲಿಲ್ಲೇನು?”

“ಇತ್ತರಿ. ಕಾಯ್ದೆ.”

ತಲೆಯಾಡಿಸಿ ಹೋದಳು.

ಸೆಪ್ಟೆಂಬರ್ 29

ಇಂದಕ್ಕನ ಫೋನು ಎರಡು ಸಲ ಬಂತು. ಎತ್ತಲಿಲ್ಲ. ನಾಳೆ ಎತ್ತಬಹುದು. ನಾಡಿದ್ದೂ ಎತ್ತಬಹುದು. ಕಾಯಲಿ ಸ್ವಲ್ಪ.

ಅಕ್ಟೋಬರ್ 2, ಶುಕ್ರವಾರ

ಗಾಂಧಿ ಜಯಂತಿಯ ರಜೆ. ಕಾರಂದಾದ ಕಾಯಿಗಳ ರೋಲು ಬಂದಿತ್ತು, ಕಟ್ಟಲು ಕೂತೆ. ಅವ್ವ ಬಾಗಿಲಲ್ಲೇ ನಿಂತು, “ನಾ ಇನ್ನ ಬೊಟ್ಟು ಇಡಂಗಿಲ್ಲ. ನೀನs ಇಟಗೋ,” ಅಂದಳು.

ಕಪಾಟಿನಲ್ಲಿದ್ದ ಸಾಮಾನೆಲ್ಲ ತೆಗೆದು ನೆಲಕ್ಕೆ ಹಾಕಿ, ಅದನ್ನು ಒಬ್ಬಳೇ ಗೋಡೆಯ ಮೂಲೆಗೆ ತಳ್ಳಿದೆ. ಒಂದು ತಾಸು ಹಿಡಿಯಿತು, ನಡು ಇನ್ನೂ ನೋಯುತ್ತಿದೆ. ಮೇಜಿನ ಪಕ್ಕ ಜಾಗವಾಯಿತು. ಎದುರಿನ ಕುರ್ಚಿ ತಂದು ನನ್ನ ಕುರ್ಚಿಗೆ ಒತ್ತಿ ಇಟ್ಟೆ.

ಅವ್ವ ಬಂದು ಕೂತಳು. ಸ್ಲೈಡನ್ನು ಕಿಟಕಿಯ ಬೆಳಕಿಗೆ ಹಿಡಿದೆ.

“ಈಗ ಯಾವ ಕಡೆಯಿಂದ ನೋಡ್ಲಿ?”

“ಹೀಂಗs. ನಾ ನೋಡಾಕತ್ತಿದ ಕಡೆಯಿಂದ.”

ಬೆಂಕಿಕಡ್ಡಿ ಮಸಿಯಲ್ಲಿ ಅದ್ದಿ, ಕಣ್ಣು ಸಣ್ಣ ಮಾಡಿ, ಬೊಟ್ಟು ಇಟ್ಟಳು.